ತಂಪಿನ ಬೆನ್ನ ಹಿಂದೆ

ಯುಗಾದಿ ಮುಗಿದು ನಾಲ್ಕು ದಿನವಾಗಿತ್ತು. ಮೈಸೂರಿನ ಹಾಸ್ಟೆಲಿನಲ್ಲಿ ಮಹಾಪ್ರಬಂಧದ ಅಧ್ಯಾಯವೊಂದನ್ನು ತಿದ್ದುತ್ತಾ ಕುಳಿತಿದ್ದೆ. ಬಾಗಲಕೋಟೆಯಿಂದ ಅವ್ವನ ಫೋನು ಬಂತು. "ತಮ್ಮಾ, ಫ್ರಿಜ್ ತಂಪ ಆಗವಲ್ದು ನೋಡೋ. ಸಪ್ಪಳ ಮಾಡ್ತೈತಿ, ತಂಪ ಮಾತ್ರ ಇಲ್ಲ. ಆಯಿ ಇನ್ಸುಲಿನ್ ಅದರಾಗ ಐತಿ."

ಹಾಲು ಒಡೆದರೆ ಇನ್ನೊಂದು ಪಾಕೀಟು ತರಬಹುದು. ಇನ್ಸುಲಿನ್ ಹಾಗಲ್ಲ. ತೆರೆಯದ ಬಾಟಲಿಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು. ಬಿಸಿಗೆ ಅದರ ಶಕ್ತಿ ಕುಂದುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಹೊರಗೆ ಚೈತ್ರದ ಬಿಸಿಲು. ಮೆಕ್ಯಾನಿಕ್ ಎರಡು ದಿನ ಬಿಟ್ಟು ಬರುತ್ತೇನೆ ಎಂದಿದ್ದ. ಬಾಟಲಿಗಳನ್ನು ಪಕ್ಕದ ಮನೆಯ ಫ್ರಿಜ್ಜಿನಲ್ಲಿ ಇಡಲು ಹೇಳಿ, ಐನೂರು ಕಿಲೋಮೀಟರಿಗೂ ದೂರದಿಂದ ಫೋನಿನಲ್ಲೇ ಫ್ರಿಜ್ ತಪಾಸಣೆಗೆ ಕುಳಿತೆ.

ನಾನು ಮೆಕ್ಯಾನಿಕ್ ಅಲ್ಲ. ನನ್ನ ಸಂಶೋಧನೆ 19ನೇ ಶತಮಾನದ ಬಂದರು ನಗರಗಳ ವ್ಯಾಪಾರದ ಬಗ್ಗೆ. ಆ ವ್ಯಾಪಾರದ ಸರಕುಗಳಲ್ಲಿ ಮಂಜುಗಡ್ಡೆಯೂ ಒಂದಾಗಿತ್ತು. ಅದರ ಜಾಡು ಹಿಡಿದು ಹೋದವನಿಗೆ ಫ್ರಿಜ್ಜಿನ ಚರಿತ್ರೆಯೂ ಒಂದಿಷ್ಟು ಸಿಕ್ಕಿತ್ತು. ಅಂದು ಉಪಯೋಗಕ್ಕೆ ಬಂದದ್ದು ಆ ಚರಿತ್ರೆಯೇ.

ಅದರ ಮೊದಲ ಪಾಠ ಇಷ್ಟೇ: ಫ್ರಿಜ್ ತಂಪನ್ನು ಹುಟ್ಟಿಸುವುದಿಲ್ಲ. ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುತ್ತದೆ, ಅಷ್ಟೇ.

ನಮ್ಮ ಮನೆಯ ನೀರಿನ ಗಡಿಗೆ ಮಾಡುವುದೂ ಇದನ್ನೇ. ಮಣ್ಣಿನ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಉಳಿದ ನೀರಿನ ಬಿಸಿಯನ್ನು ಎತ್ತಿಕೊಂಡು ಹೋಗುತ್ತದೆ. 18ನೇ ಶತಮಾನದ ಮಧ್ಯದಲ್ಲಿ ಸ್ಕಾಟ್ಲೆಂಡಿನ ವೈದ್ಯ ವಿಲಿಯಂ ಕಲೆನ್ ಇದೇ ತತ್ವವನ್ನು ಪ್ರಯೋಗಶಾಲೆಗೆ ತಂದ. ಪಂಪಿನಿಂದ ಗಾಳಿಯನ್ನು ಎಳೆದು ತೆಗೆದ ಪಾತ್ರೆಯಲ್ಲಿ ಈಥರ್ ವೇಗವಾಗಿ ಆವಿಯಾಗುವಂತೆ ಮಾಡಿ, ಅದರಿಂದ ಒಂದಿಷ್ಟು ಮಂಜುಗಡ್ಡೆ ಪಡೆದ. ಆದರೆ ಆವಿಯಾದ ಈಥರ್ ಮರಳಿ ಸಿಗುತ್ತಿರಲಿಲ್ಲ. 1834ರಲ್ಲಿ ಲಂಡನ್ನಿನಲ್ಲಿದ್ದ ಅಮೆರಿಕದ ಜೇಕಬ್ ಪರ್ಕಿನ್ಸ್, ಆ ಆವಿಯನ್ನೇ ಹಿಡಿದು, ಒತ್ತಿ, ಮತ್ತೆ ದ್ರವ ಮಾಡಿ ಮರುಬಳಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಇಂದಿನ ಫ್ರಿಜ್ ಮೂಲದಲ್ಲಿ ಅದೇ ಯಂತ್ರ.

ಅದಕ್ಕೆ ನಾಲ್ಕು ಅಂಗಗಳು. ಹಿಂಬದಿಯಲ್ಲಿ ಕೆಳಗೆ ಕುಳಿತ ಕಪ್ಪು ಉಂಡೆ ಕಂಪ್ರೆಸರ್. ಅದು ಅನಿಲವನ್ನು ಒತ್ತುತ್ತದೆ, ಒತ್ತಿದ ಅನಿಲ ಬಿಸಿಯಾಗುತ್ತದೆ. ಬೆನ್ನಿನ ಮೇಲಿನ ಕಪ್ಪು ಜಾಲರಿ ಕಂಡೆನ್ಸರ್. ಇಲ್ಲಿ ಅನಿಲ ತನ್ನ ಬಿಸಿಯನ್ನು ಅಡುಗೆಮನೆಯ ಗಾಳಿಗೆ ಕೊಟ್ಟು ದ್ರವವಾಗುತ್ತದೆ. ಮುಂದಿನದು ಕೂದಲೆಳೆಯಂತೆ ಸಪೂರವಾದ ತಾಮ್ರದ ಕೊಳವೆ, ಕ್ಯಾಪಿಲರಿ. ಇದನ್ನು ದಾಟಿದ ದ್ರವದ ಒತ್ತಡ ಒಮ್ಮೆಲೇ ಇಳಿಯುತ್ತದೆ. ಕೊನೆಯದು ಒಳಗಿನ ಇವಾಪರೇಟರ್; ಅಲ್ಲಿ ದ್ರವ ಕುದಿಯುತ್ತದೆ. ಈಗಿನ ಹೆಚ್ಚಿನ ಮನೆಯ ಫ್ರಿಜ್ಜುಗಳಲ್ಲಿರುವ ಐಸೋಬ್ಯುಟೇನ್ ಸಾಮಾನ್ಯ ಒತ್ತಡದಲ್ಲಿ ಸುಮಾರು −12 ಡಿಗ್ರಿಯಲ್ಲೇ ಕುದಿಯುವ ವಸ್ತು. ಹಾಗೆ ಕುದಿಯಲು ಬೇಕಾದ ಶಾಖವನ್ನು ಅದು ನಿಮ್ಮ ಹಾಲು, ಮೊಸರು, ಇನ್ಸುಲಿನ್‌ಗಳಿಂದ ಕಸಿಯುತ್ತದೆ. ಹೀಗೆ ಆವಿಯಾಗಿ ಮತ್ತೆ ಕಂಪ್ರೆಸರಿಗೆ ಮರಳುತ್ತದೆ.

ಯಂತ್ರ ಮನೆಮನೆಗೆ ಬರುವ ಮೊದಲು ತಂಪು ಹಡಗಿನಲ್ಲಿ ಬರುತ್ತಿತ್ತು. 1833ರಲ್ಲಿ ಬಾಸ್ಟನ್ನಿನ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ ಕಳಿಸಿದ 'ಟಸ್ಕನಿ' ಹಡಗು ಸುಮಾರು 180 ಟನ್ ಮಂಜುಗಡ್ಡೆ ಹೊತ್ತು ನಾಲ್ಕು ತಿಂಗಳು ತೇಲಿ ಕಲ್ಕತ್ತಕ್ಕೆ ಬಂತು. ಸುಮಾರು 100 ಟನ್ ಕರಗದೆ ಉಳಿದಿತ್ತು. ಮದ್ರಾಸಿನ ಕಡಲ ತೀರದಲ್ಲಿ ಈ ಸರಕಿಗೆಂದೇ ಕಟ್ಟಿದ ಐಸ್ ಹೌಸ್ ಇಂದು ವಿವೇಕಾನಂದರ ಸ್ಮಾರಕವಾಗಿ ನಿಂತಿದೆ. ಆ ಗಡ್ಡೆ ಹೆಚ್ಚಾಗಿ ಸೇರುತ್ತಿದ್ದುದು ಯುರೋಪಿಯನ್ನರ ಊಟದ ಮೇಜಿಗೆ. ಅದಕ್ಕೂ ಮೊದಲು ನಮ್ಮವರು ಚಳಿಗಾಲದ ರಾತ್ರಿ ಬಯಲಿನಲ್ಲಿ ಹುಲ್ಲು ಹಾಸಿ, ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟು, ಬೆಳಗಿನ ಜಾವ ಹೆಪ್ಪುಗಟ್ಟಿದ ಗಡ್ಡೆ ಆರಿಸುತ್ತಿದ್ದರು. ಅಲಹಾಬಾದಿನ ಈ ವಿಧಾನವನ್ನು ರಾಬರ್ಟ್ ಬಾರ್ಕರ್ 1775ರಲ್ಲಿ ಇಂಗ್ಲೆಂಡಿನ ವಿದ್ವಾಂಸರಿಗೆ ಬರೆದು ತಿಳಿಸಿದ. ನೀರಿನ ಬಿಸಿಯನ್ನು ಅವರು ನಿರಭ್ರ ಆಕಾಶಕ್ಕೆ ಬಿಟ್ಟುಕೊಡುತ್ತಿದ್ದರು.

ಯಂತ್ರ ಅಡುಗೆಮನೆ ಹೊಕ್ಕಾಗ ಬೇರೊಂದು ಕಷ್ಟ ಬಂತು. 1920ರ ದಶಕದ ಫ್ರಿಜ್ಜುಗಳಲ್ಲಿದ್ದವು ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್, ಅಮೋನಿಯದಂಥ ವಿಷಾನಿಲಗಳು. ಕೊಳವೆ ಸೋರಿದರೆ ಮಲಗಿದ್ದವರು ಏಳುತ್ತಿರಲಿಲ್ಲ. ಬರ್ಲಿನ್ನಿನಲ್ಲಿ ಕುಟುಂಬವೊಂದು ಹೀಗೆ ಸತ್ತ ಸುದ್ದಿ ಓದಿ ಮರುಗಿದ ಐನ್‌ಸ್ಟೈನ್, ಲಿಯೋ ಸಿಲಾರ್ಡ್ ಜೊತೆ ಸೇರಿ ಸೋರದ ಫ್ರಿಜ್ ರೂಪಿಸಲು ಹೊರಟರೆಂದು ಹೇಳುತ್ತಾರೆ. 1930ರಲ್ಲಿ ಇಬ್ಬರಿಗೂ ಅಮೆರಿಕದ ಪೇಟೆಂಟ್ ದೊರೆಯಿತು; ಯಂತ್ರ ಮಾತ್ರ ಮಾರುಕಟ್ಟೆಗೆ ಬರಲಿಲ್ಲ. ಅದೇ ವರ್ಷ ಥಾಮಸ್ ಮಿಡ್‌ಗ್ಲಿ ವಿಜ್ಞಾನಿಗಳ ಸಭೆಯಲ್ಲಿ ಹೊಸ ಅನಿಲವೊಂದನ್ನು ಉಸಿರೊಳಗೆ ಎಳೆದು, ಅದನ್ನೇ ಊದಿ ಮೇಣದಬತ್ತಿ ಆರಿಸಿ ತೋರಿಸಿದ. ವಿಷವಲ್ಲ, ಉರಿಯುವುದೂ ಇಲ್ಲ. ಅದು ಫ್ರಿಯಾನ್. ಮನೆಯವರಿಗೆ ಅಭಯ ಸಿಕ್ಕಿತು.

ಬೆಲೆ ತೆತ್ತದ್ದು ಆಕಾಶ. ಮೊಲಿನಾ ಮತ್ತು ರೋಲೆಂಡ್ 1974ರಲ್ಲಿ ಈ ಜಾತಿಯ ಅನಿಲಗಳು ಓಝೋನ್ ಪದರವನ್ನು ತಿನ್ನುತ್ತವೆ ಎಂದು ಎಚ್ಚರಿಸಿದರು. 1985ರಲ್ಲಿ ಅಂಟಾರ್ಕ್ಟಿಕದ ಮೇಲಿನ ರಂಧ್ರದ ವರದಿ ಬಂತು, 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಬದಲಿಗೆ ಬಂದ ಆರ್-134ಎ ಓಝೋನನ್ನು ಬಿಟ್ಟಿತು. ಆದರೆ ಭೂಮಿಯನ್ನು ಬಿಸಿಯಾಗಿಸುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿನ ಸಾವಿರ ಪಟ್ಟಿಗೂ ಹೆಚ್ಚು. ಈಗಿನ ಐಸೋಬ್ಯುಟೇನ್ ಈ ಎರಡೂ ದೋಷಗಳಿಂದ ಬಹುಮಟ್ಟಿಗೆ ದೂರ. ಆದರೆ ಬೆಂಕಿ ಹತ್ತಿಕೊಳ್ಳುವ ಅನಿಲ. ಪ್ರಮಾಣ ಕಡಿಮೆ ಇರುವುದರಿಂದ ನಡೆಯುತ್ತದೆ. ಒಟ್ಟಿನಲ್ಲಿ ಪ್ರತಿ ಸಲವೂ ಪರಿಹಾರವೆಂದುಕೊಂಡದ್ದು ಕಷ್ಟವನ್ನು ನಮ್ಮ ಕಣ್ಣಿನಿಂದ ಒಂದಿಷ್ಟು ದೂರ ಸರಿಸಿತ್ತು.

ಅವ್ವನನ್ನು ಕೇಳಿದ ಪ್ರಶ್ನೆಗಳೂ ಈ ಚರಿತ್ರೆಯ ಕ್ರಮದಲ್ಲೇ ಇದ್ದವು. ಒಳಗಿನ ದೀಪ ಉರಿಯುತ್ತದೆಯೇ? ಉರಿಯುತ್ತದೆ, ಹಾಗಾದರೆ ಕರೆಂಟಿದೆ. ಥರ್ಮೋಸ್ಟಾಟಿನ ತಿರುಪನ್ನು ಹಬ್ಬದ ಸ್ವಚ್ಛತೆಯಲ್ಲಿ ಯಾರಾದರೂ ತಿರುಗಿಸಿದರೇ? ಇಲ್ಲ. ಬಾಗಿಲಿನ ರಬ್ಬರ್ ಬಿಗಿಯಾಗಿದೆಯೇ? ಬಾಗಿಲ ಸಂದಿಯಲ್ಲಿ ಒಂದು ಹಾಳೆ ಇಟ್ಟು ಮುಚ್ಚಿ ಎಳೆಯಲು ಹೇಳಿದೆ. ಸಲೀಸಾಗಿ ಜಾರಿ ಬಂದರೆ ಹೊರಗಿನ ಬಿಸಿ ಒಳಗೆ ನುಗ್ಗುತ್ತಿದೆ ಎಂದರ್ಥ. ಹಾಳೆ ಬಿಗಿಯಾಗಿತ್ತು. ಫ್ರೀಜರಿನಲ್ಲಿ ಮಂಜು ದಪ್ಪಗೆ ಕಟ್ಟಿದೆಯೇ? ಕಟ್ಟಿದ್ದರೆ ಅದೇ ಕಂಬಳಿಯಂತೆ ಅಡ್ಡ ನಿಲ್ಲುತ್ತದೆ. ಆಗ ಪ್ಲಗ್ ತೆಗೆದು ತಾನಾಗಿ ಕರಗಲು ಬಿಡಬೇಕು. ಚಾಕುವಿನಿಂದ ಕೆರೆದರೆ ಹಿಂದಿನ ಕೊಳವೆ ತೂತಾಗಿ ಅನಿಲ ಹೋಗುತ್ತದೆ. ನಮ್ಮಲ್ಲಿ ಮಂಜು ತೆಳುವಾಗಿತ್ತು.

ಸಪ್ಪಳ ಹೇಗಿದೆ? ಕೆಲವು ಕ್ಷಣ ಗುಂಯ್ ಎಂದು, ಟಕ್ ಎಂದು ನಿಂತು, ಮತ್ತೆ ಅದೇ ಆದರೆ ಕಂಪ್ರೆಸರನ್ನು ಚಾಲೂ ಮಾಡುವ ರಿಲೇ ಕೆಟ್ಟಿರಬಹುದು, ಇಲ್ಲವೇ ವೋಲ್ಟೇಜ್ ಕಡಿಮೆ ಇರಬಹುದು. ಎಡೆಬಿಡದೆ ಓಡುತ್ತಲೇ ಇದ್ದರೆ ಒಂದೋ ಅನಿಲ ಸೋರಿದೆ, ಇಲ್ಲವೇ ಬಿಸಿ ಹೊರಗೆ ಹೋಗುತ್ತಿಲ್ಲ. "ನಿಂದರದಂಗ ಓಡಾಕ್ಹತ್ತೈತಿ" ಎಂದಳು. ಅನಿಲದ ಕೆಲಸ, ಕಂಪ್ರೆಸರಿನ ವೈರಿನ ಕೆಲಸ ತರಬೇತಾದ ಮೆಕ್ಯಾನಿಕ್ಕಿನದು, ಮನೆಯವರು ಕೈಹಾಕಬಾರದು. ನಮಗೆ ಉಳಿದದ್ದು ಒಂದೇ ಪ್ರಶ್ನೆ.

"ಅವ್ವಾ, ಹಿಂದಿನ ಜಾಳಿಗಿ ಹತ್ತರ ಕೈ ಹಿಡದು ನೋಡು, ಬಿಸಿ ಐತೇನು?"

"ಕೈ ಹಾಕಾಕ ಜಾಗಾನ ಇಲ್ಲಲ್ಲೋ. ಗೋಡಿಗಿ ಹತ್ತೈತಿ."

ಹಬ್ಬಕ್ಕೆ ಸುಣ್ಣ ಬಳಿದ ಮೇಲೆ ಫ್ರಿಜ್ಜನ್ನು ಮೂಲೆಗೆ ಒತ್ತಿ, ಪಕ್ಕದಲ್ಲಿ ಜೋಳದ ಚೀಲ ಒಟ್ಟಿದ್ದರು. ಜಾಲರಿಯ ಮೇಲೆ ವರ್ಷಗಳ ಧೂಳು ಬೇರೆ. ಒಳಗಿನಿಂದ ಹೊತ್ತು ತಂದ ಬಿಸಿಯನ್ನು ಇಳಿಸಲು ಪಾಪದ ಯಂತ್ರಕ್ಕೆ ಜಾಗವೇ ಇರಲಿಲ್ಲ. ಪ್ಲಗ್ ತೆಗೆಸಿದೆ. ಪಕ್ಕದ ಮನೆಯ ಹುಡುಗ ಬಂದು ಚೀಲ ಸರಿಸಿ, ಒಣ ಬ್ರಷ್ಷಿನಿಂದ ಧೂಳು ತೆಗೆದು, ಫ್ರಿಜ್ಜನ್ನು ಗೋಡೆಯಿಂದ ಒಂದು ಗೇಣು ಮುಂದೆ ಎಳೆದ. ಅರ್ಧ ತಾಸು ಬಿಟ್ಟು ಚಾಲೂ ಮಾಡಿದರು.

ಮರುದಿನ ಬೆಳಿಗ್ಗೆ ಒಳಗಿಟ್ಟ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗಿತ್ತು. ಬಿಸಿಯಲ್ಲಿ ಕಳೆದ ಬಾಟಲಿಗಳನ್ನು ಬಳಸಬಹುದೇ ಎಂದು ವೈದ್ಯರನ್ನು ಕೇಳಿದೆವು. ಅವರು ಅಪಾಯ ಬೇಡವೆಂದು ಹೊಸದನ್ನೇ ಬರೆದುಕೊಟ್ಟರು. ಅವುಗಳ ಬೆಲೆ ಕೇಳಿ ಅವ್ವ ಸ್ವಲ್ಪ ಹೊತ್ತು ಸುಮ್ಮನಾದಳು. ನಾನೇನೂ ಹೇಳಲಿಲ್ಲ.

ಆಮೇಲೆ ಅಜ್ಜಿ ಫೋನು ಇಸಿದುಕೊಂಡು, ನಡೆದದ್ದನ್ನೆಲ್ಲ ನನ್ನಿಂದ ಮತ್ತೊಮ್ಮೆ ಹೇಳಿಸಿಕೊಂಡಳು. ಕೊನೆಗೆ ಕೇಳಿದಳು: "ಹಂಗಾರ ಒಳಗಿನ ಬಿಸಿ ಎಲ್ಲಿ ಹೋತೋ?"

"ಅಡಗಿ ಮನ್ಯಾಗ, ಆಯಿ."

"ಅದಕ್ಕ ಅಲ್ಲಿ ಕುಂತ್ರ ನನಗ ಬೆವರು ಬರೂದು."