ಗಣಿತ ಹುಟ್ಟಿನಿಂದಲೇ ಬರಬೇಕೇ? ಭಯದ ಹಿಂದಿನ ಸತ್ಯ

"ನಮ್ಮ ಮನೇಲಿ ಯಾರಿಗೂ ಲೆಕ್ಕ ಬರಲ್ಲ, ಇವಳಿಗೆ ಎಲ್ಲಿಂದ ಬರುತ್ತೆ?" ಮಾರ್ಕ್ಸ್ ಕಾರ್ಡ್ ಬಂದ ದಿನ ಹಲವು ಮನೆಗಳಲ್ಲಿ ಕೇಳಿಬರುವ ಮಾತಿದು. ಇದು ಎಷ್ಟು ನಿಜ?

ನಂಬಿಕೆ: ಲೆಕ್ಕ ತಪ್ಪುವ ಮಗು ದಡ್ಡ.

ವಾಸ್ತವ: ಕಲಿಯುವ ವೇಗ ಒಬ್ಬೊಬ್ಬರದು ಒಂದೊಂದು ರೀತಿ. ಆದರೆ ಎಷ್ಟೋ ಸಲ ಗೊತ್ತಿರುವ ಲೆಕ್ಕವನ್ನೂ ತಪ್ಪಿಸುವುದು ಭಯ.

ಭಯ ಏನು ಮಾಡುತ್ತದೆ?

48ಕ್ಕೆ 37 ಕೂಡಿಸಿ. 8 ಮತ್ತು 7 ಸೇರಿ 15; 5 ಬರೆದು, ದಶಕದ 1 ನೆನಪಿಟ್ಟುಕೊಳ್ಳಬೇಕು. ಹೀಗೆ ಕ್ಷಣಕಾಲ ಹಿಡಿದಿಟ್ಟುಕೊಳ್ಳುವ ಶಕ್ತಿಗೆ ವರ್ಕಿಂಗ್ ಮೆಮೊರಿ ಎನ್ನುತ್ತಾರೆ. ಅದರಲ್ಲಿ ಜಾಗ ಕಡಿಮೆ. "ತಪ್ಪಾದರೆ ಬೈಯುತ್ತಾರೆ" ಎಂಬ ಚಿಂತೆ ಅಲ್ಲಿ ಕೂತರೆ ದಶಕಕ್ಕೆ ಜಾಗವೆಲ್ಲಿ?

2001ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಆಶ್‌ಕ್ರಾಫ್ಟ್ ಮತ್ತು ಕರ್ಕ್ ಇದನ್ನು ಪರೀಕ್ಷಿಸಿದರು. ಕೆಲವು ಅಕ್ಷರಗಳನ್ನು ನೆನಪಿಟ್ಟುಕೊಂಡೇ ಕೂಡಿಸಲು ಹೇಳಿದಾಗ, ಗಣಿತದ ಭಯ ಹೆಚ್ಚಿದ್ದವರು ದಶಕ ಒಯ್ಯುವ ಲೆಕ್ಕಗಳಲ್ಲೇ ಹೆಚ್ಚು ಎಡವಿದರು.

ಭಯ ಎಲ್ಲಿಂದ ಬರುತ್ತದೆ?

ದೊಡ್ಡವರಿಂದಲೂ ಅಂಟಬಹುದು. 2015ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ 1 ಮತ್ತು 2ನೇ ತರಗತಿಯ ಮಕ್ಕಳನ್ನು ಗಮನಿಸಿತು. ಗಣಿತಕ್ಕೆ ಹೆದರುವ ಪೋಷಕರು ಪದೇ ಪದೇ ಹೋಂವರ್ಕ್ ಮಾಡಿಸಿದಾಗ ಮಕ್ಕಳು ವರ್ಷದಲ್ಲಿ ಕಲಿತದ್ದು ಕಡಿಮೆ, ಭಯ ಹೆಚ್ಚು. ಅಂಥ ಪೋಷಕರು ಅಷ್ಟಾಗಿ ಹೋಂವರ್ಕ್ ಮಾಡಿಸದ ಮನೆಗಳಲ್ಲಿ ಈ ಪರಿಣಾಮ ಕಾಣಲಿಲ್ಲ.

ಏನು ಮಾಡಬಹುದು?

• ಎಡವಿದ ಜಾಗಕ್ಕೆ ಹಿಂದಿರುಗಿ. 8ನೇ ತರಗತಿಯ ಬೀಜಗಣಿತ ಕಷ್ಟವಾದರೆ, ತೊಡಕು 5ನೇ ತರಗತಿಯ ಭಿನ್ನರಾಶಿಯಲ್ಲಿರಬಹುದು. ಅಲ್ಲಿಂದ ಕಲಿಯುವುದು ಅವಮಾನವಲ್ಲ.

• ಗಡಿಯಾರ ಬದಿಗಿಡಿ. ಮೊದಲು ಅರ್ಥವಾಗಲಿ, ವೇಗ ಆಮೇಲೆ ಬರುತ್ತದೆ.

• ಉತ್ತರ ತಪ್ಪಾದರೆ "ಹೇಗೆ ಮಾಡಿದೆ, ಹೇಳು" ಎಂದು ಕೇಳಿ. ಯಾವ ಹೆಜ್ಜೆಯಲ್ಲಿ ತಪ್ಪಿತು ಎಂದು ಮಗುವಿಗೇ ತಿಳಿಯುತ್ತದೆ.

• ಪರೀಕ್ಷೆಗೆ ಮುನ್ನ 10 ನಿಮಿಷ ಮನಸ್ಸಿನ ಭಯವನ್ನು ಕಾಗದದ ಮೇಲೆ ಬರೆಯಲಿ. ಇದರಿಂದ ಆತಂಕವಿದ್ದ ವಿದ್ಯಾರ್ಥಿಗಳ ಅಂಕ ಸುಧಾರಿಸಿತೆಂದು 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳಿದೆ. ಎಲ್ಲರಿಗೂ ಫಲಿಸುತ್ತದೆ ಎಂದಲ್ಲ. ಆದರೆ ಖರ್ಚಿಲ್ಲದ ಉಪಾಯ.

• "ನನಗೂ ಲೆಕ್ಕ ಬರ್ತಿರಲಿಲ್ಲ ಬಿಡು" ಎಂದು ಸಮಾಧಾನ ಹೇಳಬೇಡಿ. ಮಗುವಿಗೆ ಅದು ಪ್ರಯತ್ನ ಬಿಡಲು ಅನುಮತಿಯಂತೆ ಕೇಳಿಸುತ್ತದೆ.

ಇದನ್ನು ಮರೆಯಬೇಡಿ

ಚಿಕ್ಕ ಸಂಖ್ಯೆಗಳಲ್ಲಿ ಯಾವುದು ದೊಡ್ಡದು, ಯಾವುದು ಚಿಕ್ಕದು ಎಂಬುದೂ ವರ್ಷಗಟ್ಟಲೆ ಗೊಂದಲವಾಗಿಯೇ ಉಳಿದಿದ್ದರೆ ಅದು ಡಿಸ್ಕ್ಯಾಲ್ಕುಲಿಯಾ ಎಂಬ ಕಲಿಕಾ ತೊಂದರೆ ಇರಬಹುದು. ಬೈದರೆ ಅದು ಸರಿಹೋಗದು; ಶಿಕ್ಷಕರೊಂದಿಗೆ ಮಾತನಾಡಿ, ಮಕ್ಕಳ ಮನಶ್ಶಾಸ್ತ್ರಜ್ಞರಿಗೆ ತೋರಿಸಿ.

ಒಟ್ಟಿನಲ್ಲಿ: ಗಣಿತದ ಭಯ ಹಣೆಬರಹವಲ್ಲ. ಅದನ್ನು ನಿಧಾನವಾಗಿಯಾದರೂ ಬಿಡಿಸಬಹುದು.