ಬುಕನನ್ ಹೋದ ದಾರಿಯಲ್ಲಿ ಒಂದು ಸೈಕಲ್ಲು

ಎಂಟನೇ ತರಗತಿಯಲ್ಲಿ ಸರ್ಕಾರ ಕೊಟ್ಟ ಸೈಕಲ್ಲು ನಮ್ಮ ಮನೆಯ ಕೊಟ್ಟಿಗೆ ಗೋಡೆಗೆ ಒರಗಿ ಎಷ್ಟೋ ವರ್ಷ ನಿಂತೇ ಇತ್ತು. ಪಿಎಚ್.ಡಿ.ಗೆ ಸೇರಿದ ಎರಡನೇ ವರ್ಷ ಅದನ್ನು ಹೊರಗೆ ತೆಗೆದೆ. ಹಳೆಯ ಮೈಸೂರು ಸೀಮೆಯ ದಾರಿಗಳ ಬಗ್ಗೆ ಮೊದಲ ಅಧ್ಯಾಯ ಬರೆದು ಮಾರ್ಗದರ್ಶಕರಿಗೆ ಕೊಟ್ಟಿದ್ದೆ. ಓದಿ ಮುಗಿಸಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಈ ದಾರಿಗಳಲ್ಲಿ ಹೋಗಿದ್ದೀಯೇನಮ್ಮ?" ಬಸ್ಸಿನಲ್ಲಿ ಹೋಗಿದ್ದೇನೆ ಸಾರ್ ಎಂದೆ. ಅವರು ನಕ್ಕು ಸುಮ್ಮನಾದರು. ಆ ನಗು ಮನೆಗೆ ಬರುವವರೆಗೂ ಜೊತೆಗೇ ಬಂತು. ಮರುದಿನ ಪಂಚರ್ ಅಂಗಡಿಗೆ ಹೋಗಿ ಎರಡೂ ಟಯರು, ಟ್ಯೂಬು, ಚೈನು ಬದಲಾಯಿಸಿಕೊಂಡು ಬಂದೆ.

ನನ್ನ ಅಧ್ಯಾಯ ನಿಂತಿದ್ದುದು ಫ್ರಾನ್ಸಿಸ್ ಬುಕನನ್ ಎಂಬ ಪ್ರವಾಸಿಯ ಬರಹದ ಮೇಲೆ. ಈತ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ, ಸಸ್ಯಶಾಸ್ತ್ರ ಬಲ್ಲವನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಏನು ಮಾರಾಟವಾಗುತ್ತದೆ, ಜನ ಹೇಗೆ ಬದುಕುತ್ತಾರೆ ಎಂದು ತಿಳಿದುಬರಲು ಗವರ್ನರ್ ಜನರಲ್ ವೆಲ್ಲೆಸ್ಲಿ ಅವನನ್ನು ಕಳಿಸಿದ. 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟವನು ಅದೇ ವರ್ಷ ನಮ್ಮ ಸೀಮೆಗೂ ಬಂದ. ಪಿರಿಯಾಪಟ್ಟಣ, ಹನಗೋಡು, ಹೆಗ್ಗಡದೇವನಕೋಟೆ, ಹಂಪಾಪುರಗಳೆಲ್ಲ ಅವನ ದಿನಚರಿಯಲ್ಲಿವೆ. ಇವತ್ತು ಇಷ್ಟು ಕೋಸು ನಡೆದೆ, ನೆಲ ಹೀಗಿತ್ತು, ಕೆರೆ ಒಡೆದಿತ್ತು, ಗೌಡರು ಹೀಗೆಂದರು ಎಂದು ದಿನ ತಪ್ಪದೆ ಬರೆಯುತ್ತಾನೆ. ಆ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಕೋಣೆಯಲ್ಲಿ ಕೂತು ಓದುವಾಗ ಅವನ ಒಂದು ದಿನ ನನಗೆ ಅರ್ಧ ಪುಟ. ಸೈಕಲ್ಲಿನ ಮೇಲೆ ಆ ಅರ್ಧ ಪುಟ ಒಂದು ಬೆಳಗಿನ ಹೊತ್ತು, ಎರಡು ಏರು, ಮೂರು ಸಲ ನೀರು ಕುಡಿದದ್ದು.

ಮೊದಲು ಹಿಡಿದದ್ದು ಹುಣಸೂರು–ಪಿರಿಯಾಪಟ್ಟಣದ ದಾರಿ. ಮೈಸೂರಿನಿಂದ ಕೊಡಗಿಗೆ ಹೋಗುವ ಹೆದ್ದಾರಿ ಇದು. ಬಸ್ಸಿನಲ್ಲಿ ಕೂತವರಿಗೆ ಹುಣಸೂರು ಎಂದರೆ ಕಾಫಿ ಕುಡಿಯಲು ನಿಲ್ಲಿಸುವ ಊರು. ಆದರೆ ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ಅದು ಸೈನ್ಯಕ್ಕೆ ದುಡಿಯುವ ಊರಾಗಿತ್ತು. ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಫಿರಂಗಿ ಎಳೆಯುವ ಆ ಎತ್ತುಗಳ ತಳಿಯನ್ನು ಕಂಪನಿಯವರು ವಶಕ್ಕೆ ತೆಗೆದುಕೊಂಡು ಹುಣಸೂರನ್ನು ಅದರ ಕೇಂದ್ರ ಮಾಡಿಕೊಂಡರು. ಚರ್ಮ ಹದ ಮಾಡುವುದು, ಸಿಪಾಯಿಗಳ ಜೋಡು, ಕಂಬಳಿ, ಗಾಡಿ, ಮರಮುಟ್ಟು ಎಲ್ಲವೂ ಇಲ್ಲೇ ಬೆಳೆದವು. 1860ರಲ್ಲಿ ಖರ್ಚು ಉಳಿಸಲೆಂದು ಅಮೃತ ಮಹಲನ್ನು ಮುಚ್ಚಿ ದನಗಳನ್ನು ಮಾರಿದರು. ಒಳ್ಳೆಯ ಎತ್ತು ಸಿಗುವುದು ಕಷ್ಟವಾದಾಗ 1866ರಲ್ಲಿ ಮತ್ತೆ ತೆರೆದರು. ಕೊಡಗಿನ ತೋಟಗಳು ಬೆಳೆದ ಮೇಲೆ ಇದೇ ದಾರಿಯಲ್ಲಿ ಕಾಫಿ ಇಳಿಯತೊಡಗಿ, ಹುಣಸೂರು ಕಾಫಿ ಹಸನು ಮಾಡುವ ಊರೂ ಆಯಿತು.

ಇದೆಲ್ಲ ನನಗೆ ಕಡತಗಳಿಂದಲೇ ಗೊತ್ತಿತ್ತು. ಗೊತ್ತಿರದಿದ್ದುದು ಹುಣಸೂರು ದಾಟಿದ ಮೇಲೆ ಪಿರಿಯಾಪಟ್ಟಣದವರೆಗೆ ನೆಲ ಮೆಲ್ಲಮೆಲ್ಲಗೆ ಏರುತ್ತಲೇ ಹೋಗುತ್ತದೆ ಎಂಬುದು. ಕಣ್ಣಿಗೆ ಸಪಾಟಾಗಿ ಕಾಣುವ ದಾರಿಯನ್ನು ಕಾಲು ಒಪ್ಪುವುದಿಲ್ಲ. ಮಂಡಿ ನೋಯತೊಡಗಿದಾಗ ಗಾಡಿ ಎಳೆದ ಎತ್ತುಗಳ ನೆನಪಾಯಿತು. ಅಷ್ಟು ಗಟ್ಟಿ ತಳಿಯ ಎತ್ತುಗಳನ್ನು ಈ ದಾರಿಯ ಬಾಯಿಯಲ್ಲೇ ಯಾಕೆ ಇಟ್ಟರು ಎಂಬುದಕ್ಕೆ ನಾನು ಅಧ್ಯಾಯದಲ್ಲಿ ಆಡಳಿತದ ಕಾರಣಗಳನ್ನು ಕೊಟ್ಟಿದ್ದೆ. ಈ ಏರು ನನ್ನ ಪಟ್ಟಿಯಲ್ಲಿರಲಿಲ್ಲ.

ಪಿರಿಯಾಪಟ್ಟಣ ಚಂಗಾಳ್ವರ ರಾಜಧಾನಿಯಾಗಿದ್ದ ಊರು. 1791ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಬಾಂಬೆ ಸೈನ್ಯ ಮಲಬಾರಿನಿಂದ ಕೊಡಗಿನ ಘಟ್ಟ ಹತ್ತಿ ಇಲ್ಲಿಯವರೆಗೆ ಬಂದಿತ್ತು. ಒಂಬತ್ತು ವರ್ಷದ ಮೇಲೆ ಬುಕನನ್ ಬಂದಾಗ ಕೋಟೆ ಪಾಳುಬಿದ್ದು, ಒಳಗೆ ಹುಲಿಗಳು ಸೇರಿಕೊಂಡಿದ್ದವು. ಎರಡು ರಾಜ್ಯಗಳ ನಡುವಿನ ದೊಡ್ಡ ದಾರಿಯಲ್ಲಿ ಕೂತ ಊರಿನ ಪಾಡು ಅದು. ದಾರಿ ದೊಡ್ಡದಾದಷ್ಟೂ ಅದರಲ್ಲಿ ಬರುವವರು ಹೆಚ್ಚು. ಬರುವವರೆಲ್ಲ ಸಂತೆಗೇ ಬರುವುದಿಲ್ಲ. ಇವತ್ತು ಆ ಹೆದ್ದಾರಿಯಲ್ಲಿ ಸೈಕಲ್ ತುಳಿಯುವುದು ಧೈರ್ಯದ ಕೆಲಸ. ವಾರದ ಕೊನೆಯಲ್ಲಿ ಕೊಡಗಿಗೆ ಓಡುವ ಕಾರುಗಳು ಬೀಸಿದ ಗಾಳಿಗೇ ಹ್ಯಾಂಡಲ್ ನಡುಗುತ್ತದೆ. ನಾನು ಒಳದಾರಿ ಹಿಡಿದು ಬೆಟ್ಟದಪುರದ ಕಡೆ ತಿರುಗಿದೆ. ಸಿಡಿಲು ಮಲ್ಲಿಕಾರ್ಜುನನ ಬೆಟ್ಟ ಗಂಟೆಗಟ್ಟಲೆ ಜೊತೆಗೇ ಬಂತು. ಅದು ಹೊಗೆಸೊಪ್ಪು ಬೇಯಿಸುವ ಕಾಲ. ಹೊಲಗಳ ನಡುವಿನ ಬ್ಯಾರನ್‌ಗಳಿಂದ ಬರುವ ಆ ಸಿಹಿ ಘಾಟು ಬಸ್ಸಿನವರಿಗೆ ಒಂದು ಗಳಿಗೆ, ಸೈಕಲ್ಲಿನವರಿಗೆ ಇಡೀ ಮಧ್ಯಾಹ್ನ.

ಎರಡನೆಯ ದಾರಿ ನನ್ನದೇ ಊರಿನದು. ಕೃಷ್ಣರಾಜನಗರ ತಾಲ್ಲೂಕಿನ ನಾಲೆ ಬಯಲಿನಲ್ಲಿ ಹುಟ್ಟಿದವಳು ನಾನು. ಹಳೆಯ ಎಡತೊರೆ ಹೊಳೆಗೆ ಅಂಟಿಕೊಂಡಿತ್ತು. ಕೃಷ್ಣರಾಜನಗರ ಪ್ರವಾಹ ಮುಟ್ಟದ ನೆಲದಲ್ಲಿ ನೇರ ಬೀದಿಗಳಿಟ್ಟು ಕಟ್ಟಿದ, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನ ಊರು. ಅರ್ಕೇಶ್ವರನ ಗುಡಿಯಿಂದ ಪೇಟೆಗೆ ಸೈಕಲ್ಲಿನಲ್ಲಿ ಬಂದರೆ ಆ ಎತ್ತರದ ವ್ಯತ್ಯಾಸ ಉಸಿರಿಗೆ ಗೊತ್ತಾಗುತ್ತದೆ.

ಅಲ್ಲಿಂದ ಚುಂಚನಕಟ್ಟೆ, ಸಾಲಿಗ್ರಾಮದ ಕಡೆಗೆ ಹೋಗಲು ಎರಡು ಬಗೆಯ ದಾರಿಗಳಿವೆ: ಡಾಂಬರು ರಸ್ತೆ ಮತ್ತು ನಾಲೆ ಏರಿ. ಕಾವೇರಿಗೆ ಅಡ್ಡಲಾಗಿ ಕಲ್ಲು ಜೋಡಿಸಿ ಕಟ್ಟಿದ ಕಟ್ಟೆಗಳು ಈ ಸೀಮೆಯಲ್ಲಿ ಬ್ರಿಟಿಷರಿಗಿಂತ ಹಳೆಯವು. ಚುಂಚನಕಟ್ಟೆ, ಹುಣಸೂರಿನ ಸಮೀಪದ ಕಟ್ಟೆಮಳಲವಾಡಿ ಮುಂತಾದ ಊರುಗಳ ಹೆಸರಿನಲ್ಲೇ ಕಟ್ಟೆಯಿದೆ. ಚಾಮರಾಜ ನಾಲೆ, ರಾಮಸಮುದ್ರ ನಾಲೆಗಳು ದಿಣ್ಣೆಗಳನ್ನು ಬಳಸಿ ಬಳಸಿ ಹರಿಯುತ್ತವೆ. ನೀರು ಏರು ಹತ್ತುವುದಿಲ್ಲ. ಆದ್ದರಿಂದ ನಾಲೆಯ ಪಕ್ಕದ ದಾರಿಯೂ ಏರು ಹತ್ತುವುದಿಲ್ಲ. ನನ್ನ ತಾತ ಭತ್ತದ ಮೂಟೆಯನ್ನು ಕ್ಯಾರಿಯರ್‌ಗೆ ಬಿಗಿದು ಮಿಲ್ಲಿಗೆ ಹೋಗುತ್ತಿದ್ದುದು ಈ ಏರಿಯ ಮೇಲೇ. "ಏರಿ ಮೇಲ್ ಹೋದ್ರೆ ತುಳೀಬೇಕಾಗಿಲ್ಲ ಕಣವ್ವ, ಅದೇ ಹೋಯ್ತದೆ" ಎನ್ನುತ್ತಿದ್ದರು. ಲೋಕೋಪಯೋಗಿ ಇಲಾಖೆಯ ನಕ್ಷೆಯಲ್ಲಿ ಈ ಏರಿ ರಸ್ತೆಯಲ್ಲ. ನಾನೂ ನಕ್ಷೆ ನೋಡಿ ಬರೆದವಳೇ. ಹಾಗಾಗಿ ನನ್ನ ಅಧ್ಯಾಯದಲ್ಲೂ ಅದು ಇರಲಿಲ್ಲ.

ತಾತನ ಸೈಕಲ್ಲು ಹರ್ಕ್ಯುಲಿಸ್. ಸ್ವಾತಂತ್ರ್ಯ ಬರುವ ಹೊತ್ತಿಗೂ ನಮ್ಮ ದೇಶದ ಹೆಚ್ಚಿನ ಸೈಕಲ್ಲುಗಳು ಇಂಗ್ಲೆಂಡಿನಿಂದ ಬರುತ್ತಿದ್ದವು. ಮದರಾಸಿನ ಟಿ.ಐ. ಸೈಕಲ್ಸ್ 1949ರಲ್ಲಿ, ಅಟ್ಲಾಸ್ 1951ರಲ್ಲಿ, ಹೀರೋ 1956ರಲ್ಲಿ ಶುರುವಾದ ಮೇಲೆ ಅದು ನಿಧಾನವಾಗಿ ರೈತನ ಕೈಗೆ ಎಟುಕಿತು. ಮದುವೆಯಲ್ಲಿ ಗಂಡಿಗೆ ವಾಚು, ರೇಡಿಯೊ, ಸೈಕಲ್ಲು ಎಂಬ ಪಟ್ಟಿ ಬಂತು. ಪೇಟೆಯಲ್ಲಿ ಲೈಸೆನ್ಸಿನ ಬಿಲ್ಲೆ ಇಲ್ಲದಿದ್ದರೆ, ರಾತ್ರಿ ದೀಪವಿಲ್ಲದಿದ್ದರೆ, ಇಬ್ಬರು ಕೂತು ಹೋದರೆ ದಂಡ. ಹಳ್ಳಿಯ ದಾರಿಗೆ ಆ ಕಾನೂನುಗಳು ಬರಲಿಲ್ಲ, ಬೇರೆ ಕಾನೂನುಗಳಿದ್ದವು. ನನ್ನ ಅವ್ವ ಹುಡುಗಿಯಾಗಿದ್ದಾಗ ಅಣ್ಣನ ಸೈಕಲ್ಲಿನಲ್ಲಿ ಒಳಪೆಡಲು ತುಳಿಯಲು ಕಲಿತು, ಊರ ಮುಂದೆ ಸಿಕ್ಕಿಬಿದ್ದು ಏಟು ತಿಂದಿದ್ದಳು. ಆಮೇಲೆ ಮುಟ್ಟಲಿಲ್ಲ.

2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ತಂದಿತು. ಕೆಲವು ವರ್ಷದ ಮೇಲೆ ನನ್ನ ಸರದಿ ಬಂದಾಗ, ಬೆಳಗ್ಗೆ ಒಂಬತ್ತಕ್ಕೆ ನಾಲೆ ಏರಿಯ ಮೇಲೆ ಹುಡುಗಿಯರದೇ ಒಂದು ಸಾಲು ಹೊರಡುತ್ತಿತ್ತು. ಯಾರೂ ತಡೆಯಲಿಲ್ಲ, ಸರ್ಕಾರ ಕೊಟ್ಟ ಸಾಮಾನಲ್ಲವೇ! ಅವ್ವ ಬಾಗಿಲಲ್ಲಿ ನಿಂತು ಆ ಸಾಲು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಿದ್ದಳು. ನಾನು ಅದನ್ನು ಕಾಳಜಿ ಎಂದುಕೊಂಡಿದ್ದೆ. ಅವಳ ಕಥೆ ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ, ಈ ಸೈಕಲ್ಲನ್ನು ಮತ್ತೆ ಹೊರಗೆ ತೆಗೆದ ದಿನ.

ಮೂರನೆಯ ದಾರಿ ಬುಕನನ್ ಹೋದದ್ದು: ಹನಗೋಡಿನಿಂದ ಹೆಗ್ಗಡದೇವನಕೋಟೆಗೆ. ಹನಗೋಡಿನಲ್ಲಿ ಲಕ್ಷ್ಮಣತೀರ್ಥ ಹರಿಯುತ್ತದೆ. ಅದು ಸೇರುವುದು ಕನ್ನಂಬಾಡಿಯ ಹಿನ್ನೀರಿಗೆ. ಕೋಟೆ ಕಡೆಗೆ ಹೊರಟು ದಿಣ್ಣೆ ದಾಟಿದರೆ ಹಳ್ಳಗಳ ದಿಕ್ಕೇ ಬದಲಾಗುತ್ತದೆ. ಅವೆಲ್ಲ ಕಪಿಲೆಗೆ ಹೋಗುತ್ತವೆ. ದಿಣ್ಣೆಯ ಆಚೆ ಈಚೆ ಬಿದ್ದ ಮಳೆ ಮತ್ತೆ ಕೂಡುವುದು ದೂರದ ತಿರುಮಕೂಡಲಿನಲ್ಲಿ. ಏರು ಮುಗಿದು ಚಕ್ರ ತಾನಾಗಿ ಉರುಳತೊಡಗಿದ ಆ ಜಾಗದಲ್ಲಿ ಬೋರ್ಡೂ ಇಲ್ಲ, ಗಡಿಕಲ್ಲೂ ಇಲ್ಲ.

ಕೋಟೆಯ ದಾರಿಗಳು ಮರಕ್ಕೆ, ಆನೆಗೆ ಆದ ದಾರಿಗಳು. ಕಾಕನಕೋಟೆಯ ಖೆಡ್ಡಾಗಳಿಗೆ ವೈಸರಾಯರು, ರಾಜಮನೆತನದ ಅತಿಥಿಗಳು ಬರುತ್ತಿದ್ದರು. ಆನೆ ಅಟ್ಟುತ್ತಿದ್ದವರು, ಪಳಗಿಸುತ್ತಿದ್ದವರಲ್ಲಿ ಕಾಡಿನ ಕುರುಬರಿದ್ದರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮೂರು ವರ್ಷದಲ್ಲಿ ಕಬಿನಿ ಅಣೆಕಟ್ಟೆ ಮುಗಿದು, ಆ ಕಾಡು, ಖೆಡ್ಡಾದ ಜಾಗ, ಎಷ್ಟೋ ಹಳ್ಳಿಗಳು ನೀರಿನ ಕೆಳಗೆ ಹೋದವು. ಹಳ್ಳಿಗಳ ಜೊತೆ ಅವುಗಳ ನಡುವಿನ ಕಾಲುದಾರಿಗಳೂ ಮುಳುಗಿದವು. ಅವುಗಳಿಗೆ ಪರಿಹಾರದ ಕಡತ ಯಾರು ತೆರೆಯುತ್ತಾರೆ?

ಹನಗೋಡಿನಿಂದ ಪಶ್ಚಿಮಕ್ಕೆ ಹೋದರೆ ನಾಗಾಪುರ. ನಾಗರಹೊಳೆ ಕಾಡಿನಿಂದ ಹೊರಗೆ ತಂದ ಜೇನುಕುರುಬ ಕುಟುಂಬಗಳಿಗೆ ಕಟ್ಟಿದ ಪುನರ್ವಸತಿ ಊರು. ಅಲ್ಲೊಂದು ಮನೆಯ ಮುಂದೆ ನೀರು ಕೇಳಿ ಕೂತೆ. ಮನೆಯ ಯಜಮಾನರು ನನ್ನ ಸೈಕಲ್ಲು ನೋಡಿ, ಎಲ್ಲಿಗೆ ಹೊರಟೆ ಮಗಳೇ ಎಂದು ಕೇಳಿದರು. ಹಳೆಯ ದಾರಿ ನೋಡಲು ಎಂದೆ. ಅವರು ಕಾಡಿನ ಕಡೆ ಕೈ ತೋರಿಸಿ ತಮ್ಮ ಹಾಡಿಗೆ ಹೋಗುತ್ತಿದ್ದ ದಾರಿ ಹೇಳತೊಡಗಿದರು: ಯಾವ ಹಳ್ಳ, ಯಾವ ಮರ, ಜೇನು ಕಟ್ಟುತ್ತಿದ್ದ ಯಾವ ಬಂಡೆ, ದೇವರು ಇದ್ದ ಯಾವ ಜಾಗ. ನಾನು ಬರೆದುಕೊಳ್ಳುತ್ತಾ ಹೋದೆ. ಅದರಲ್ಲಿ ಒಂದು ಹೆಸರೂ ನನ್ನ ನಕ್ಷೆಯಲ್ಲಿರಲಿಲ್ಲ. ವೀರನಹೊಸಹಳ್ಳಿಯ ಅರಣ್ಯ ಗೇಟಿನಲ್ಲಿ ನನ್ನ ಸೈಕಲ್ಲು ನಿಂತಿತು. ಹುಲಿ, ಆನೆಯ ಕಾಡಿನಲ್ಲಿ ಸೈಕಲ್ಲು ಬೇಡ ಎಂಬುದು ಸರಿಯೇ. ಸಫಾರಿಯ ಜೀಪೊಂದು ಒಳಗೆ ಹೋಯಿತು. ಆ ಯಜಮಾನರಿಗೆ ಬಾಯಿಪಾಠವಾಗಿದ್ದ ದಾರಿ ಅದೇ ಗೇಟಿನ ಒಳಗೆ ಎಲ್ಲೋ ಇತ್ತು.

ಬುಕನನ್ ನಡೆದ ದಾರಿ ಉಳಿದಿದೆ, ಏಕೆಂದರೆ ಅವನು ಬರೆದಿಟ್ಟ. ಹೆದ್ದಾರಿ ಉಳಿದಿದೆ, ಏಕೆಂದರೆ ಅದರಲ್ಲಿ ಹೋಗುವವರಿಗೆ ಅದು ಬೇಕು. ತಾತನ ನಾಲೆ ಏರಿ, ಅವ್ವ ಏಟು ತಿಂದ ಊರಮುಂದಿನ ದಾರಿ, ಹಾಡಿಯ ದಾರಿ ಇವು ನಡೆದವರ ಜೊತೆಗೇ ಹೋಗುತ್ತವೆ. ಮೊದಲ ಅಧ್ಯಾಯದಲ್ಲಿ ನಾನು "ಈ ರಸ್ತೆಗಳು ನಾಲ್ಕು ತಾಲ್ಲೂಕುಗಳನ್ನು ಬೆಸೆದವು" ಎಂದು ಬರೆದಿದ್ದೆ. ಊರಿಗೆ ಬಂದು ಆ ವಾಕ್ಯವನ್ನು ಹೊಡೆದುಹಾಕಿ, ಯಾರನ್ನು ಬೆಸೆದವು, ಯಾರನ್ನು ಬಿಟ್ಟು ಹೋದವು ಎಂದು ಮೊದಲಿನಿಂದ ಬರೆಯತೊಡಗಿದೆ. ಅಧ್ಯಾಯ ಇನ್ನೂ ಮುಗಿದಿಲ್ಲ.

ಮೊನ್ನೆ ಭಾನುವಾರ ಅವ್ವನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಏರಿಯ ಮೇಲೆ ಚುಂಚನಕಟ್ಟೆಗೆ ಹೋದೆ. ಅರ್ಧ ದಾರಿಯಲ್ಲಿ ಇಳಿದು, "ತತ್ತಾ ಇಲ್ಲಿ" ಎಂದು ಹ್ಯಾಂಡಲ್ ಹಿಡಿದಳು. ಸೀರೆ ಎತ್ತಿ ಸಿಕ್ಕಿಸಿ ನಾಲ್ಕು ಮಾರು ತುಳಿದಳು. ನಾಲೆಯಲ್ಲಿ ನೀರಿತ್ತು. ದಾರಿಯಲ್ಲಿ ಬೇರೆ ಯಾರೂ ಇರಲಿಲ್ಲ.