ವಜಾ, ಬಿಡುಗಡೆ ಮತ್ತು ಸೈನಿಕನ ಮಾನ: ಕಲಬುರಗಿ ಸೀಮೆಯ ನೆಲೆಯಿಂದ ಒಂದು ಅವಲೋಕನ

ಸೈನಿಕನ ಬದುಕಿನಲ್ಲಿ ಎರಡು ಕಾಗದಗಳಿಗೆ ವಿಶೇಷ ಬೆಲೆಯಿದೆ. ಒಂದು, ಭರ್ತಿಯ ದಿನ ಅಂಗೈ ಮೇಲೆ ಬೀಳುವ ಕಾಗದ. ಇನ್ನೊಂದು, ಸೇವೆ ಮುಗಿದ ದಿನ ಕೈಗೆ ಬರುವ ಕಾಗದ. ಮೊದಲನೆಯದನ್ನು ಕುರಿತು ನಮ್ಮ ಇತಿಹಾಸಕಾರರು ಸಾಕಷ್ಟು ಬರೆದಿದ್ದಾರೆ. ಎರಡನೆಯದನ್ನು ಕುರಿತ ಅಧ್ಯಯನ ವಿರಳ. ಸೇವೆಯಿಂದ ಹೊರಬಂದ ಬಗೆ ಗೌರವಯುತವಲ್ಲವೆಂದು ದಾಖಲಾದ ಸೈನಿಕನು ಆ ದಾಖಲೆಯನ್ನು ತಿದ್ದಿಸಿಕೊಳ್ಳಲು ಯಾವ ಬಾಗಿಲು ತಟ್ಟಬಲ್ಲನು, ಆ ಬಾಗಿಲುಗಳು ಯಾವ ಕಾಲದಲ್ಲಿ ಹೇಗೆ ತೆರೆದುಕೊಂಡವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಕಲಬುರಗಿ ನಗರದ ಖೂಬಾ ಪ್ಲಾಟ್‌ನಂತಹ ಬಡಾವಣೆಯಲ್ಲಾಗಲಿ, ಕಮಲಾಪುರದ ಸುತ್ತಣ ಹಳ್ಳಿಗಳಲ್ಲಾಗಲಿ ನೆಲೆಸಿದ ಮಾಜಿ ಸೈನಿಕನ ಪಾಲಿಗೆ ಇದು ಕೇವಲ ಕಾನೂನಿನ ಜಿಜ್ಞಾಸೆಯಲ್ಲ. ಪಿಂಚಣಿ, ಚಿಕಿತ್ಸೆ, ಊರಿನಲ್ಲಿ ತಲೆಯೆತ್ತಿ ನಡೆಯುವ ಹಕ್ಕು ಎಲ್ಲವೂ ಆ ಒಂದು ಪದವನ್ನು ಅವಲಂಬಿಸಿವೆ.

ಈ ಸೀಮೆಯ ಸೈನಿಕ ದಾಖಲೆಗಳನ್ನು ಹುಡುಕುವವರು ಮೊದಲಿಗೆ ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. 'ಹೈದರಾಬಾದ್' ಎಂಬ ಹೆಸರಿನ ಎರಡು ಸೇನೆಗಳಿದ್ದವು. ನಿಜಾಮರ ಹಣದಿಂದ, ಆದರೆ ಬ್ರಿಟಿಷ್ ಅಧಿಕಾರಿಗಳ ಕೈಕೆಳಗೆ ಬೆಳೆದ ಹೈದರಾಬಾದ್ ಕಂಟಿಂಜೆಂಟ್ 1903ರಲ್ಲಿ ಭಾರತೀಯ ಸೇನೆಯಲ್ಲಿ ಲೀನವಾಯಿತು. ಅದರಿಂದ ರೂಪುಗೊಂಡ 19ನೆಯ ಹೈದರಾಬಾದ್ ರೆಜಿಮೆಂಟು 1945ರ ಅಕ್ಟೋಬರ್‌ನಲ್ಲಿ ಕುಮಾವೂಂ ರೆಜಿಮೆಂಟ್ ಎಂಬ ಹೆಸರು ಪಡೆಯಿತು. ಅದರ ಕೇಂದ್ರ ಇರುವುದು ದೂರದ ರಾಣಿಖೇತದಲ್ಲಿ. ಇದಕ್ಕಿಂತ ಪ್ರತ್ಯೇಕವಾಗಿ ನಿಜಾಮರ ಸಂಸ್ಥಾನ ಸೇನೆ ಇತ್ತು. ಅದರ ಭವಿಷ್ಯ 1948ರ ಸೆಪ್ಟೆಂಬರ್‌ನಲ್ಲಿ ನಿರ್ಧಾರವಾಯಿತು. ಮನೆಯ ಪೆಟ್ಟಿಗೆಯಲ್ಲಿ ಸಿಕ್ಕಿದ ಹಳೆಯ ಕಾಗದದ ಮೇಲೆ 'ಹೈದರಾಬಾದ್' ಎಂದಿರುವ ಮಾತ್ರಕ್ಕೆ ಅದು ನಿಜಾಮರ ಫೌಜಿನದೆಂದು ತೀರ್ಮಾನಿಸಲಾಗದು.

ಎರಡನೆಯ ಮಹಾಯುದ್ಧದಲ್ಲಿ ಈ ಎರಡೂ ಸೇನೆಗಳ ದಳಗಳು ಮಲಯಾದಲ್ಲಿದ್ದವು. 1941ರ ಡಿಸೆಂಬರ್‌ನಲ್ಲಿ ಜಪಾನಿಯರು ಕೋಟಾ ಬಾರುವಿನ ಕಡಲತೀರಕ್ಕೆ ಇಳಿದಾಗ ಅಲ್ಲಿನ ವಿಮಾನ ನಿಲ್ದಾಣದ ಕಾವಲಿಗೆ ಇದ್ದುದು ಸಂಸ್ಥಾನ ಸೇನೆಯ ಒಂದನೆಯ ಹೈದರಾಬಾದ್ ಪದಾತಿದಳ. ಹಿಮ್ಮೆಟ್ಟುವಿಕೆಯ ಗದ್ದಲದಲ್ಲಿ ಅದರ ಕಮಾಂಡಿಂಗ್ ಅಧಿಕಾರಿ ಲೆಫ್ಟಿನೆಂಟ್ ಕರ್ನಲ್ ಹೆಂಡ್ರಿಕ್ಸ್ ತಮ್ಮದೇ ಸೈನಿಕರ ಗುಂಡಿಗೆ ಬಲಿಯಾದರೆಂದು ಯುದ್ಧದ ಇತಿಹಾಸಗಳು ಹೇಳುತ್ತವೆ. ಬ್ರಿಟಿಷ್ ಸೇನೆಯ 4/19 ಹೈದರಾಬಾದ್ ದಳದಲ್ಲಿಯೂ 1940ರಲ್ಲಿ, ಸಿಂಗಪುರದಲ್ಲಿ, ಒಬ್ಬ ಭಾರತೀಯ ಅಧಿಕಾರಿಯನ್ನು ಹಿಂದಕ್ಕೆ ಕಳುಹಿಸಲು ಹೊರಟಾಗ ಸೈನಿಕರು ಪ್ರತಿಭಟಿಸಿದ್ದರು. ಆಗ ಅದೇ ದಳದಲ್ಲಿದ್ದ ಕೊಡಗಿನ ಕೆ.ಎಸ್. ತಿಮ್ಮಯ್ಯನವರು ಮುಂದೆ 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾದರು. ಅವರ ಹಿರಿಯಣ್ಣ ಪೊನ್ನಪ್ಪನವರು ಆಜಾದ್ ಹಿಂದ್ ಫೌಜನ್ನು ಸೇರಿದ್ದರು. ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬರು ಸೇನೆಯ ತುದಿಯನ್ನು ಮುಟ್ಟಿದರು. ಇನ್ನೊಬ್ಬರು ಸೇರಿದ ಪಡೆಯವರಿಗೆ ಸೇನೆಯ ಬಾಗಿಲು ಮುಚ್ಚಿತು. ನಿಷ್ಠೆ ಎಂಬ ಪದದ ಜಟಿಲತೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆಜಾದ್ ಹಿಂದ್ ಫೌಜಿನ ಪ್ರಕರಣವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡುವುದು ಅವಶ್ಯ. ಏಕೆಂದರೆ ಭಾರತದಲ್ಲಿ ಕಳಂಕಿತ ನಿರ್ಗಮನವನ್ನು ತೊಡೆಯಬೇಕೆಂಬ ಬೇಡಿಕೆ ಸಾಮೂಹಿಕವಾಗಿ ಕೇಳಿಬಂದುದು ಇದೇ ಸಂದರ್ಭದಲ್ಲಿ. ಸೆರೆಯಿಂದ ಮರಳಿದವರನ್ನು ಬ್ರಿಟಿಷ್ ಸರಕಾರ 'ಬಿಳಿ', 'ಬೂದು', 'ಕಪ್ಪು' ಎಂದು ಮೂರು ಬಣ್ಣಗಳಲ್ಲಿ ವಿಂಗಡಿಸಿತು. ಬಿಳಿಯವರು ದಳಗಳಿಗೆ ಮರಳಿದರು. ಕಪ್ಪು ಎಂದು ಗುರುತಿಸಲ್ಪಟ್ಟವರು ಸೇವೆಯನ್ನೂ ಸೆರೆಯ ಕಾಲದ ಸಂಬಳವನ್ನೂ ಕಳೆದುಕೊಂಡರು. ಕೆಂಪುಕೋಟೆಯಲ್ಲಿ 1945ರ ನವೆಂಬರ್ 5ರಂದು ಆರಂಭವಾದ ಮೊದಲ ವಿಚಾರಣೆಯಲ್ಲಿ ಷಾ ನವಾಜ್ ಖಾನ್, ಪ್ರೇಮ್ ಸೆಹಗಲ್, ಗುರುಬಕ್ಷ ಸಿಂಗ್ ಧಿಲ್ಲೋನ್ ಅವರಿಗೆ ಜೀವಾವಧಿ ಗಡೀಪಾರು, ಅಧಿಕಾರಪದದಿಂದ ವಜಾ, ಬಾಕಿ ಸಂಬಳದ ಮುಟ್ಟುಗೋಲು ಎಂಬ ಮೂರು ಶಿಕ್ಷೆಗಳನ್ನು ವಿಧಿಸಲಾಯಿತು. 1946ರ ಜನವರಿಯಲ್ಲಿ ಸೇನಾಪತಿ ಆಕಿನ್‌ಲೆಕ್ ಗಡೀಪಾರನ್ನು ಮನ್ನಾ ಮಾಡಿದರು. ಉಳಿದ ಎರಡನ್ನು ಮನ್ನಾ ಮಾಡಲಿಲ್ಲ. ದೇಶವೆಲ್ಲ ಬಿಡುಗಡೆಯ ಸಂಭ್ರಮದಲ್ಲಿದ್ದಾಗ ಈ ಸಂಗತಿ ಹೆಚ್ಚು ಜನರ ಗಮನಕ್ಕೆ ಬಂದಂತಿಲ್ಲ. ಸೆರೆಮನೆಯ ಬಾಗಿಲು ತೆರೆಯಿತು, ಸೇನೆಯ ದಾಖಲೆಯ ಶಾಯಿ ಮಾತ್ರ ಹಾಗೆಯೇ ಉಳಿಯಿತು.

ಸ್ವಾತಂತ್ರ್ಯಾನಂತರವೂ ಅವರನ್ನು ಸೇನೆಗೆ ಮರಳಿ ಸೇರಿಸಿಕೊಳ್ಳಲು ನೆಹರೂ ಸರಕಾರ ಒಪ್ಪಲಿಲ್ಲ. ಸೇನೆಯೊಳಗಿನ ಶಿಸ್ತು ಹಾಗೂ ಒಗ್ಗಟ್ಟಿನ ಪ್ರಶ್ನೆ ಈ ನಿರ್ಧಾರದ ಹಿಂದಿತ್ತು. ಆದರೆ ಇತರ ಸೇವೆಗಳಲ್ಲಿ ಅಂತಹ ಅಡ್ಡಿಯಿರಲಿಲ್ಲ. ವಜಾಗೊಂಡ ಷಾ ನವಾಜ್ ಖಾನ್ ಲೋಕಸಭೆಗೆ ಆಯ್ಕೆಯಾಗಿ ರೈಲ್ವೆ ಉಪಮಂತ್ರಿಯಾದರು. ನೇತಾಜಿಯವರ ಜೊತೆ ಜಲಾಂತರ್ಗಾಮಿಯಲ್ಲಿ ಪಯಣಿಸಿದ ಹೈದರಾಬಾದಿನ ಆಬಿದ್ ಹಸನ್ ಸಫ್ರಾನಿ ವಿದೇಶಾಂಗ ಸೇವೆಯಲ್ಲಿ ರಾಯಭಾರಿಯಾದರು. ಸಾಮಾನ್ಯ ಸಿಪಾಯಿಗೆ ಮಾತ್ರ ಇಂತಹ ಮಾರ್ಗಗಳಿರಲಿಲ್ಲ. ಅವನು ಕಾಯಬೇಕಾಯಿತು. 1972ರಲ್ಲಿ, ಸ್ವಾತಂತ್ರ್ಯದ ರಜತೋತ್ಸವದ ಸಂದರ್ಭದಲ್ಲಿ, ಕೇಂದ್ರವು ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿಯನ್ನು ಜಾರಿಗೆ ತಂದಿತು. 1980ರಲ್ಲಿ ಅದು ಆದಾಯದ ಮಿತಿಯನ್ನು ಕಳಚಿಕೊಂಡು 'ಸ್ವತಂತ್ರತಾ ಸೈನಿಕ ಸಮ್ಮಾನ' ಎಂಬ ಹೆಸರು ಪಡೆಯಿತು. ಆಜಾದ್ ಹಿಂದ್ ಫೌಜಿನವರೂ 1946ರ ನೌಕಾದಳದ ದಂಗೆಯಲ್ಲಿ ಭಾಗವಹಿಸಿದವರೂ ಇದರ ವ್ಯಾಪ್ತಿಗೆ ಬಂದರು. 1985ರಲ್ಲಿ ಹೈದರಾಬಾದ್ ವಿಮೋಚನಾ ಹೋರಾಟದ ಗಡಿ ಶಿಬಿರಗಳಿಗೂ ಮನ್ನಣೆ ದೊರೆತುದರಿಂದ ಕಲಬುರಗಿ ಸೀಮೆಯಲ್ಲಿ ಈ ಪಿಂಚಣಿಯ ಹೆಸರು ಮನೆಮಾತಾಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಈ ಸಮ್ಮಾನವನ್ನು ನೀಡುವುದು ಗೃಹ ಮಂತ್ರಾಲಯ, ರಕ್ಷಣಾ ಮಂತ್ರಾಲಯವಲ್ಲ. ಅಂದರೆ 'ನೀನು ಒಳ್ಳೆಯ ಸೈನಿಕನಾಗಿದ್ದೆ' ಎಂದು ಸೇನೆ ತನ್ನ ಮಾತನ್ನು ತಿದ್ದಿಕೊಂಡದ್ದಲ್ಲ. 'ನೀನು ದೇಶಭಕ್ತನಾಗಿದ್ದೆ' ಎಂದು ರಾಷ್ಟ್ರ ಬೇರೊಂದು ಪುಸ್ತಕದಲ್ಲಿ ಬರೆದುಕೊಂಡದ್ದು. ಎರಡೂ ಒಂದೇ ಎಂದು ಭಾವಿಸುವುದು ಸರಿಯಲ್ಲವೆಂಬುದು ಈ ಲೇಖಕನ ಅಭಿಪ್ರಾಯ.

ನಿಜಾಮರ ಸೇನೆಯವರಿಗೆ ಈ ಎರಡನೆಯ ಪುಸ್ತಕವೂ ಇರಲಿಲ್ಲ. 1948ರ ಸೆಪ್ಟೆಂಬರ್ 13ರಂದು ಆರಂಭವಾದ ಪೊಲೀಸ್ ಕಾರ್ಯಾಚರಣೆ ಐದು ದಿನಗಳಲ್ಲಿ ಮುಗಿಯಿತು. 18ರಂದು ಮೇಜರ್ ಜನರಲ್ ಎಲ್ ಎದ್ರೂಸ್ ಅವರು ಮೇಜರ್ ಜನರಲ್ ಜೆ.ಎನ್. ಚೌಧುರಿಯವರಿಗೆ ಶರಣಾದರು. ಸಂಸ್ಥಾನ ಸೇನೆಯ ಬಹುಭಾಗ ವಿಸರ್ಜಿತವಾಯಿತು. ಆ ಕಾಲದಲ್ಲಿ ಸಂಸ್ಥಾನದ ನೌಕರರು ಕೆಲಸ ಕಳೆದುಕೊಂಡ ಬಗೆಯನ್ನೂ ಅರಬ್, ಪಠಾಣ ಸೈನಿಕರನ್ನು ಹೊರಗೆ ಕಳುಹಿಸಿದ ಬಗೆಯನ್ನೂ ಟೇಲರ್ ಶೆರ್ಮನ್ ತಮ್ಮ ಸಂಶೋಧನೆಯಲ್ಲಿ ವಿವರಿಸಿದ್ದಾರೆ. ರಜಾಕಾರರೇ ಬೇರೆ, ಸಂಬಳದ ಸಿಪಾಯಿಯೇ ಬೇರೆ; ಆದರೆ ಜನರ ನೆನಪಿನಲ್ಲಿ ಈ ಭೇದ ಮಸುಕಾಯಿತು. ಸುಂದರಲಾಲ್ ನಿಯೋಗವು ಅತಿ ಹೆಚ್ಚು ನೊಂದವೆಂದು ಹೆಸರಿಸಿದ ನಾಲ್ಕು ಜಿಲ್ಲೆಗಳಲ್ಲಿ ಅಂದಿನ ಗುಲಬರ್ಗಾವೂ ಒಂದು. ಅಂತಹ ವಾತಾವರಣದಲ್ಲಿ ಹಳೆಯ ಫೌಜಿಯೊಬ್ಬ ತನ್ನ ಸೇವೆಯ ಕಾಗದವನ್ನು ಹೊರತೆಗೆದು ತೋರಿಸುವುದಕ್ಕಿಂತ ಅಡಗಿಸಿಡುವುದೇ ಹೆಚ್ಚು ಕ್ಷೇಮಕರವಾಗಿತ್ತು.

ಇನ್ನು ಸ್ವತಂತ್ರ ಭಾರತದ ಕಾನೂನನ್ನು ನೋಡೋಣ. ಅಮೆರಿಕದಲ್ಲಿ ಬಿಡುಗಡೆಪತ್ರಕ್ಕೆ ಗೌರವದ ಶ್ರೇಣಿಗಳಿವೆ; 1944ರ ಕಾಯಿದೆಯೊಂದು ಆ ಶ್ರೇಣಿಯನ್ನು ಮರುಪರಿಶೀಲಿಸಲು ಮಂಡಳಿಗಳನ್ನೇ ಸ್ಥಾಪಿಸಿತು. ನಮ್ಮ 1950ರ ಭೂಸೇನಾ ಕಾಯಿದೆಯಲ್ಲಿ ಅಂತಹ ಶ್ರೇಣಿಪದ್ಧತಿಯಿಲ್ಲ. ಇಲ್ಲಿರುವುದು ವಜಾ, ತೆಗೆದುಹಾಕುವಿಕೆ, ಬಿಡುಗಡೆ ಎಂಬ ಭೇದ. ಹೈದರಾಬಾದ್ ಕಾಲದ ಆಡಳಿತದ ಉರ್ದುವಿನಲ್ಲಿ 'ಬರ್ತರಫ್' ಎಂದು ಕರೆಯುತ್ತಿದ್ದುದೇ ಕನ್ನಡದ ವಜಾ. ಭೇದ ಚಿಕ್ಕದೆಂದು ತೋರಬಹುದು, ಪರಿಣಾಮ ಚಿಕ್ಕದಲ್ಲ. 1961ರ ಸೇನಾ ಪಿಂಚಣಿ ನಿಯಮಾವಳಿಯ 113ನೆಯ ನಿಯಮದಂತೆ ವಜಾಗೊಂಡವನು ಅದುವರೆಗಿನ ಎಲ್ಲ ಸೇವೆಯ ಪಿಂಚಣಿಗೂ ಅನರ್ಹ. ಬಿಡುಗಡೆಗೊಂಡವನಾದರೆ, 15 ವರ್ಷಗಳ ಅರ್ಹ ಸೇವೆ ಪೂರೈಸಿದ್ದಲ್ಲಿ, ಪಿಂಚಣಿಗೆ ಅರ್ಹ. ಹದಿನೆಂಟು ವರ್ಷ ದುಡಿದ ಹವಾಲ್ದಾರನೊಬ್ಬ ವಜಾಗೊಂಡನೆಂದು ಭಾವಿಸಿದರೆ, ಒಂದು ಪದದ ಬದಲಾವಣೆಯಿಂದ ಅವನ ಹೆಂಡತಿಗೆ ಕುಟುಂಬ ಪಿಂಚಣಿಯೂ ಸೇರಿದಂತೆ ಎಲ್ಲವೂ ಬರುತ್ತದೆ ಅಥವಾ ಏನೂ ಬರುವುದಿಲ್ಲ. ವಜಾಗೊಂಡವನು, ದುರ್ನಡತೆಯ ಕಾರಣದಿಂದ ಹೊರಬಂದವನು 'ಮಾಜಿ ಸೈನಿಕ'ನೆಂಬ ವ್ಯಾಖ್ಯೆಯಿಂದಲೂ ಹೊರಗುಳಿಯುವುದರಿಂದ ನೌಕರಿಯ ಮೀಸಲಾತಿಯೂ 2003ರಲ್ಲಿ ಆರಂಭವಾದ ಮಾಜಿ ಸೈನಿಕರ ಆರೋಗ್ಯ ಯೋಜನೆಯೂ ಅವನ ಪಾಲಿಗಿಲ್ಲ. ಆದ್ದರಿಂದಲೇ ನಮ್ಮಲ್ಲಿ ಇಂತಹ ಅರ್ಜಿಗಳ ಮುಖ್ಯ ಪ್ರಾರ್ಥನೆ 'ವಜಾವನ್ನು ಬಿಡುಗಡೆಯಾಗಿ ಪರಿವರ್ತಿಸಬೇಕು' ಎಂಬುದೇ ಆಗಿದೆ. 113ನೆಯ ನಿಯಮದಲ್ಲಿ ಒಂದು ಕಿಂಡಿಯೂ ಉಂಟು: ಅಸಾಧಾರಣ ಸಂದರ್ಭಗಳಲ್ಲಿ ರಾಷ್ಟ್ರಪತಿಗಳ ವಿವೇಚನೆಯಂತೆ ಪಿಂಚಣಿ ಮಂಜೂರಾಗಬಹುದು. ಅದು ಹಕ್ಕಲ್ಲ, ಕೃಪೆ.

ಹಕ್ಕಿನ ಭಾಷೆ ನ್ಯಾಯಾಲಯದಿಂದ ಬಂದಿತು. 1987ರ ರಂಜಿತ್ ಠಾಕೂರ್ ಪ್ರಕರಣ ಇದಕ್ಕೆ ಮೈಲಿಗಲ್ಲು. ಮೇಲಧಿಕಾರಿಗಳಿಗೆ ನೇರವಾಗಿ ದೂರು ಕಳುಹಿಸಿದ್ದಕ್ಕಾಗಿ ಶಿಕ್ಷೆ ಅನುಭವಿಸುತ್ತಿದ್ದ ಸಿಗ್ನಲ್ ದಳದ ಸೈನಿಕನೊಬ್ಬ ಊಟ ಮಾಡೆಂಬ ಆಜ್ಞೆಯನ್ನು ಪಾಲಿಸಲಿಲ್ಲವೆಂದು ಸಂಕ್ಷಿಪ್ತ ಸೇನಾ ನ್ಯಾಯಾಲಯ ಅವನಿಗೆ ಒಂದು ವರ್ಷದ ಸೆರೆ ಮತ್ತು ವಜಾ ವಿಧಿಸಿತ್ತು. ಹಿಂದೆ ಅವನನ್ನು ಶಿಕ್ಷಿಸಿದ್ದ ಅಧಿಕಾರಿಯೇ ಆ ಪೀಠದಲ್ಲಿದ್ದರು. ಸರ್ವೋಚ್ಚ ನ್ಯಾಯಾಲಯ ಇಡೀ ನಡವಳಿಯನ್ನು ರದ್ದುಪಡಿಸಿ, ಶಿಕ್ಷೆ ಅಪರಾಧಕ್ಕೆ ತಕ್ಕುದಾಗಿರಬೇಕೆಂಬ ತತ್ತ್ವವನ್ನು ಸೇನೆಗೂ ಅನ್ವಯಿಸಿತು. ಆ ತೀರ್ಪನ್ನು ಬರೆದವರು ಕರ್ನಾಟಕ ಉಚ್ಚ ನ್ಯಾಯಾಲಯದಿಂದ ಅದೇ ತಿಂಗಳು ದೆಹಲಿಗೆ ಹೋಗಿದ್ದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರು ಎಂಬುದು ಕನ್ನಡಿಗರು ನೆನಪಿಡಬೇಕಾದ ಸಂಗತಿ.

ವಜಾ ಅಲ್ಲದ, ಆದರೆ ಕಳಂಕ ಹೊತ್ತ ಬಿಡುಗಡೆಯ ಸಮಸ್ಯೆ ಬೇರೆಯದು. ದಾಖಲೆಯಲ್ಲಿ ನಾಲ್ಕು 'ಕೆಂಪು ಶಾಯಿ'ಯ ನಮೂದುಗಳಾದರೆ ಸಾಕು, ಅನಪೇಕ್ಷಿತನೆಂದು ಮನೆಗೆ ಕಳುಹಿಸಬಹುದೆಂಬ ರೂಢಿ ದಳಗಳಲ್ಲಿ ಬೆಳೆದಿತ್ತು. ಸೇನಾ ಕೇಂದ್ರ ಕಚೇರಿಯದೇ 1988ರ ಡಿಸೆಂಬರ್‌ನ ಸುತ್ತೋಲೆ ಪೂರ್ವಭಾವಿ ವಿಚಾರಣೆ ನಡೆಸಬೇಕೆಂದು ಹೇಳಿದ್ದರೂ ಅದನ್ನು ಎಲ್ಲೆಡೆ ಪಾಲಿಸಿರಲಿಲ್ಲ. 2015ರಲ್ಲಿ ವೀರೇಂದ್ರ ಕುಮಾರ್ ದುಬೆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ನಮೂದುಗಳ ಎಣಿಕೆಯೊಂದೇ ಸಾಲದು, ಸೇವೆಯ ಸ್ವರೂಪ, ಅವಧಿ, ಕಠಿಣ ನೆಲೆಗಳಲ್ಲಿ ದುಡಿದುದು ಎಲ್ಲವನ್ನೂ ತೂಗಬೇಕು ಎಂದು ನಿರ್ಣಯಿಸಿತು. ಪಿಂಚಣಿಗೆ ಅರ್ಹವಾಗುವವರೆಗೆ ಅವನು ಸೇವೆಯಲ್ಲಿದ್ದನೆಂದೇ ಭಾವಿಸಬೇಕೆಂದೂ ಹಿಂಬಾಕಿ ಸಂಬಳವಿಲ್ಲವೆಂದೂ ಆದೇಶಿಸಿತು.

2007ರ ಕಾಯಿದೆಯಂತೆ ರಚಿತವಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ 2009ರ ಆಗಸ್ಟ್‌ನಲ್ಲಿ ಉದ್ಘಾಟನೆಗೊಂಡಿತು. ಸಂಕ್ಷಿಪ್ತ ಸೇನಾ ನ್ಯಾಯಾಲಯ ವಿಧಿಸಿದ ವಜಾವನ್ನೂ ಅದು ಪರಿಶೀಲಿಸಬಲ್ಲದು, ಶಿಕ್ಷೆಯನ್ನು ಇಳಿಸಬಲ್ಲದು. ಆದರೆ ಆರಂಭದಲ್ಲಿ ಸ್ಥಾಪಿತವಾದ ಪೀಠಗಳಲ್ಲಿ ಒಂದೂ ಕರ್ನಾಟಕದಲ್ಲಿರಲಿಲ್ಲ. ಕಲಬುರಗಿಯಲ್ಲಿ 2008ರಿಂದ ಉಚ್ಚ ನ್ಯಾಯಾಲಯದ ಸಂಚಾರಿ ಪೀಠವೂ 2013ರಿಂದ ಕಾಯಂ ಪೀಠವೂ ಇದ್ದರೂ, ನ್ಯಾಯಮಂಡಳಿಯ ಆದೇಶದ ವಿರುದ್ಧ ಉಚ್ಚ ನ್ಯಾಯಾಲಯಕ್ಕೆ ಹೋಗಲಾಗದೆಂದು 2015ರ ತೀರ್ಪೊಂದು ಆ ದಾರಿಯನ್ನು ಮುಚ್ಚಿತು. 2023ರ ಮಾರ್ಚ್‌ನಲ್ಲಿ ಪರಶೋತಮ್ ದಾಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೇ ಅದನ್ನು ಮತ್ತೆ ತೆರೆಯಿತು.

ಕೊನೆಯದಾಗಿ ಸಂಶೋಧಕರ ಗಮನಕ್ಕೆ ಒಂದು ವಿಷಯ. 1950ರ ಕಾಯಿದೆಯ 23ನೆಯ ಕಲಮಿನಂತೆ ಸೇವೆಯಿಂದ ಹೊರಬರುವ ಪ್ರತಿಯೊಬ್ಬ ಸಿಪಾಯಿಗೂ ಅವನ ಮಾತೃಭಾಷೆಯಲ್ಲಿ ಮತ್ತು ಇಂಗ್ಲಿಷಿನಲ್ಲಿ, ಸೇವೆ ಕೊನೆಗೊಳಿಸಿದ ಅಧಿಕಾರ, ಕಾರಣ ಮತ್ತು ಸೇವೆಯ ಪೂರ್ಣ ಅವಧಿಯನ್ನು ನಮೂದಿಸಿದ ಪ್ರಮಾಣಪತ್ರವನ್ನು ಕೊಡಬೇಕು. ಕನ್ನಡ ಸೈನಿಕರಿಗೆ ಹಾಗೆ ಕನ್ನಡದಲ್ಲಿ ದೊರೆತ ಪ್ರಮಾಣಪತ್ರಗಳು ಎಷ್ಟು, ಅವುಗಳಲ್ಲಿ 'ಕಾರಣ' ಎಂಬ ಅಂಕಣದಲ್ಲಿ ಯಾವ ಪದಗಳನ್ನು ಬಳಸಲಾಗಿದೆ ಎಂಬುದನ್ನು ಜಿಲ್ಲಾವಾರು ಸಂಗ್ರಹಿಸುವ ಕಾರ್ಯ ನಡೆಯಬೇಕಾಗಿದೆ. ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳಲ್ಲಿ 1956ಕ್ಕೆ ಮುಂಚೆ ಭರ್ತಿಯಾದವರ ಮನೆಗಳಿಂದಲೇ ಇದನ್ನು ಆರಂಭಿಸಬಹುದು. ಅಲ್ಲಿ ಉರ್ದು ಕಾಗದ ಹಾಗೂ ಇಂಗ್ಲಿಷ್ ಕಾಗದಗಳು ಒಂದೇ ಪೆಟ್ಟಿಗೆಯಲ್ಲಿ ದೊರೆಯುವ ಸಂಭವ ಹೆಚ್ಚು.